ಒಳರಟ್ಟಿನ ಮೊದಲ ಸಾಲು

ಪುಸ್ತಕಕ್ಕೆ ಬೈಂಡಿಂಗ್ ಮಾಡುವುದನ್ನು ಕಲಿತಿದ್ದೇನೆ. ನಗಬೇಡಿ. ಗುರುವಿಲ್ಲ, ಕ್ಲಾಸಿಲ್ಲ, ಫೋನಿನಲ್ಲಿ ವಿಡಿಯೋ ನೋಡಿಕೊಂಡು ನಾನೇ ಕಲಿತದ್ದು. ಮೊನ್ನೆಯವರೆಗೂ ಸಿಕ್ಕಸಿಕ್ಕವರ ಮುಂದೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಯಾರಾದರೂ ಕೇಳಿದರೆ ಮಾತು ಬದಲಿಸುತ್ತೇನೆ.

ಶುರುವಾದದ್ದು ಅಡುಗೆಮನೆಯಲ್ಲಿ. ಮೈದಾ ಹಿಟ್ಟು ಕುದಿಸಿ, ಹುಳ ಬೀಳದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ ಅಂಟು ಮಾಡಿದೆ. (ಮೈಲುತುತ್ತ ವಿಷ. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಿಲ್ಲ, ಗಾಬರಿಯಾಗಬೇಡಿ.) ದಬ್ಬಣ ಚುಚ್ಚಿಕೊಂಡು ಎರಡು ಬೆರಳಿಗೆ ಬ್ಯಾಂಡೇಜ್. ಮೊದಲನೇ ನೋಟ್‌ಬುಕ್ಕಿಗೆ ರಟ್ಟು ತಲೆಕೆಳಗಾಗಿ ಅಂಟಿತು.

“ಎಲ್ಲಾ ಆತು, ಇದೊಂದ ಬಾಕಿ ಇತ್ತು ನಿಂದು” ಅಂದರು ನಮ್ಮ ಯಜಮಾನರು.

ಮೂರನೆಯದು ಚೆನ್ನಾಗಿ ಬಂತು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಸುದ್ದಿ ಹರಡಲು ಅಷ್ಟು ಸಾಕಲ್ಲವೇ?

ಎದುರು ಮನೆಯ ನಾಗಮ್ಮಜ್ಜಿ ಒಂದು ಪುಸ್ತಕ ತಂದರು. ಕೆಂಪು ವಸ್ತ್ರದಲ್ಲಿ ಸುತ್ತಿದ, ದಪ್ಪನೆಯ ಹಳೇ ಪುರಾಣದ ಪುಸ್ತಕ. ಅಜ್ಜಿಯ ಮಾವ ಇದ್ದಾಗ ಪ್ರತಿ ಶ್ರಾವಣದಲ್ಲಿ ಅದನ್ನು ಮನೆಯಲ್ಲಿ ಓದುತ್ತಿದ್ದರಂತೆ. ಅವರು ಹೋದ ಮೇಲೆ ಓದುವವರಿಲ್ಲ. ದೇವರ ಜಗಲಿಯ ಮೇಲೆ ವಿಭೂತಿ ಹಚ್ಚಿಸಿಕೊಂಡು ಕೂತಿತ್ತು. ಅಜ್ಜಿಗೆ ಎಂಬತ್ತು ದಾಟಿದೆ. ಓದು ಬರಹ ಬಾರದು.

“ಬೆನ್ನು ಕಿತ್ತು ಬಂದೈತಿ, ತಂಗಿ. ನೀ ಓದಿದಾಕಿ, ಒಳಗ ಹೊರಗ ನೋಡಿ ಮಾಡಿ ಕೊಡವ್ವ” ಅಂದರು.

ಮಾಡಿದೆ. ಎಂಥ ಉಮೇದಿನಿಂದ ಮಾಡಿದೆ! ಹಾಳೆಗಳನ್ನು ಬಿಡಿಸಿ ಮತ್ತೆ ಹೊಲಿದೆ. ಬೆನ್ನಿಗೆ ಹೊಸ ಬಟ್ಟೆ ಅಂಟಿಸಿದೆ. ಹಳೇ ರಟ್ಟು ಗಟ್ಟಿಮುಟ್ಟಾಗಿತ್ತು, ಅದನ್ನೇ ಉಳಿಸಿಕೊಂಡೆ. ಆದರೆ ಮುಂದಿನ ರಟ್ಟಿನ ಒಳಮೈ ಮಹಾ ಗಲೀಜು. ಧೂಳು, ಎಣ್ಣೆ ಜಿಡ್ಡು, ಯಾರೋ ಗೀಚಿದ ನಾಲ್ಕು ಸಾಲು. ಒದ್ದೆ ಬಟ್ಟೆಯಿಂದ ಗಸಗಸ ತಿಕ್ಕಿದೆ. ಬಟ್ಟೆಗೆ ನೀಲಿ ಹತ್ತಿತು. ಅಬ್ಬಾ, ಎಷ್ಟು ಕೊಳೆ ಬಂತಲ್ಲ ಅಂತ ಖುಷಿಪಟ್ಟೆ. ಮೇಲೆ ಬಂಗಾರದ ಚುಕ್ಕಿಯ ಗಿಫ್ಟ್ ಪೇಪರ್ ಅಂಟಿಸಿ, ರುಬ್ಬುಗುಂಡು ಹೇರಿ ಒಣಗಿಸಿ, ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದೆ.

ಮೊನ್ನೆ ಬೆಳಿಗ್ಗೆ ಅಜ್ಜಿ ಬಂದರು. ಪುಸ್ತಕ ಅವರ ಕೈಗಿಟ್ಟು ಹೊಗಳಿಕೆಗೆ ಕಾಯುತ್ತ ನಿಂತೆ. ಅಜ್ಜಿ ಹೊಲಿಗೆ ನೋಡಲಿಲ್ಲ. ಬೆನ್ನು ನೋಡಲಿಲ್ಲ. ನೇರ ಮುಂದಿನ ರಟ್ಟು ತೆರೆದರು. ಗಿಫ್ಟ್ ಪೇಪರನ್ನು ಬೆರಳಿಂದ ಸವರಿದರು.

“ನಮ್ಮ ಕೂಸು ಎಲ್ಲೈತ್ಯವ್ವ ಇಲ್ಲಿ?”

“ಯಾವ ಕೂಸು ಅಜ್ಜಿ?”

ಹೇಳಿದರು. ಮನೆಯಲ್ಲಿ ಮಗು ಹುಟ್ಟಿದರೆ ಮಾವ ಪುರಾಣದ ಒಳರಟ್ಟಿನ ಮೇಲೆ ಹುಟ್ಟಿದ ದಿನ, ಇಡಬೇಕೆಂದಿರುವ ಹೆಸರು ಬರೆದಿಡುತ್ತಿದ್ದರಂತೆ. (ಆಗ ಆ ಮನೆಯಲ್ಲಿ ಬರ್ತ್ ಸರ್ಟಿಫಿಕೇಟ್ ಅಂದರೆ ಅದೇ.) ಮೊದಲ ಸಾಲು ಚೊಚ್ಚಲ ಹೆಣ್ಣು ಮಗುವಿನದು. ತೊಟ್ಟಿಲಿಗೆ ಹಾಕಿ ಹೆಸರು ಕರೆಯುವ ಮೊದಲೇ, ಒಂಬತ್ತನೇ ದಿನಕ್ಕೆ, ಮಗು ತೀರಿಕೊಂಡಿತು. ಫೋಟೋ ಇಲ್ಲ, ಮತ್ತೊಂದಿಲ್ಲ. ಆ ಮಗು ಬಂದು ಹೋದದ್ದಕ್ಕೆ ಗುರುತು ಅಂತ ಇದ್ದದ್ದು ಆ ಒಂದು ಸಾಲು.

“ಏನ್ ಹೆಸರು ಅಜ್ಜಿ?” ನಾನಾಗಲೇ ಪೆನ್ನು ಹುಡುಕುತ್ತಿದ್ದೆ. ಮತ್ತೆ ಬರೆದುಕೊಟ್ಟರಾಯಿತಲ್ಲ!

“ನನಗೇನ್ ಗೊತ್ತವ್ವ? ನಾ ಬಾಣಂತಿ, ಉಚ್ಚಂಗಿದುರ್ಗದಾಗ ತವರುಮನ್ಯಾಗಿದ್ದೆ. ಮಾವನವರು ಇಲ್ಲಿ ಬರದಿದ್ರು. ತಿರುಗಿ ಬಂದು ಕೇಳಿದ್ರ, ಸತ್ತ ಕೂಸಿನ ಹೆಸರು ಕೇಳಬಾರದು, ಮುಂದಿನ ಕೂಸಿಗೆ ಕೇಡು ಅಂದ್ಲು ನಮ್ಮತ್ತಿ. ಮುಂದ ಮೂರು ಗಂಡಾದ್ವು. ಮಾವನವರು ಹೋದ್ರು, ಅತ್ತಿ ಹೋದ್ಲು, ನಮ್ಮನಿಯವ್ರೂ ಬಾಯಿ ಬಿಡದ ಹೋದ್ರು. ಪೂಜಿ ಮಾಡುವಾಗ ಆ ಸಾಲು ಮುಟ್ಟಿಕೋತಿದ್ದೆ, ಅಷ್ಟ.”

“ಮಕ್ಕಳ ಕಡೆಯಿಂದ ಓದಿಸಬಹುದಿತ್ತಲ್ಲ ಅಜ್ಜಿ?”

“ಹೆದರಿಕಿ. ಅವರಿಗೇ ಏನಾರ ಆದ್ರ? ಈಗ ಮೊಮ್ಮಕ್ಕಳ ಮದಿವೀನೂ ಆದ್ವು. ನಾನೂ ಇವತ್ತೋ ನಾಳೆಯೋ ಹೋಗಾಕಿ. ಹೆಸರು ಕೇಳಿಕೊಂಡಾರ ಹೋಗೋಣ ಅಂತ ನಿನ್ನ ಕೈಗೆ ಕೊಟ್ಟೆ. ಬೈಂಡಿಂಗ್ ಹೆಂಗಾದ್ರೇನು ಬಿಡು. ಬಿಚ್ಚಿದಾಕಿ ಓದಿರ್ತಾಳ ಅಂದ್ಕೊಂಡೆ.”

ಅಜ್ಜಿಯನ್ನು ಕೂರಿಸಿ ಒಲೆಯ ಮೇಲೆ ನೀರಿಟ್ಟೆ. ರಟ್ಟನ್ನು ಹಬೆಗೆ ಹಿಡಿದೆ. ಗಿಫ್ಟ್ ಪೇಪರ್ ಇಂಚಿಂಚಾಗಿ ಬಿಟ್ಟುಕೊಂಡಿತು. ಮೂವರು ಗಂಡುಮಕ್ಕಳ ಹೆಸರು, ತಾರೀಕು ಬಾಲ್‌ಪೆನ್ನಿನವು, ಗಟ್ಟಿಯಾಗಿ ಕೂತಿದ್ದವು. ಮೊದಲ ಸಾಲು ಮಸಿಪೆನ್ನಿನದು. ಅಲ್ಲಿ ಬರೀ ಒಂದು ನೀಲಿ ಕಲೆ.

ಬೆಳಕಿಗೆ ಹಿಡಿದೆ. ಫೋನಿನಲ್ಲಿ ಫೋಟೋ ತೆಗೆದು ಝೂಮ್ ಮಾಡಿದೆ. ಒಂದು ಕೊಂಬು? ಒಂದು ಒತ್ತು? ಏನೂ ಇಲ್ಲ. ಒರೆಸಿದ ಬಟ್ಟೆಯನ್ನು ಅವತ್ತೇ ಸೋಪು ಹಚ್ಚಿ ಒಗೆದು ಹಾಕಿದ್ದೆ.

ಹಳೆಯದು ಕಂಡರೆ ನಮಗೆ ಮೊದಲು ಕೊಳೆಯೇ ಕಾಣುತ್ತದಲ್ಲ, ಯಾಕೆ? ಬಾಗಿಲ ಚೌಕಟ್ಟಿನಲ್ಲಿ ಮಕ್ಕಳ ಎತ್ತರ ಅಳೆದ ಗೆರೆಗಳಿದ್ದರೆ ಅದರ ಮೇಲೆ ಪೇಂಟ್. ಅವ್ವ ಗೋಡೆಗೆ ಬರೆದ ಚಿತ್ತಾರವಿದ್ದರೆ ಅದರ ಮೇಲೆ ಟೈಲ್ಸ್. ಕ್ಲೀನ್ ಆಯ್ತು ನೋಡಿ ಅಂತ ಬಂದವರಿಗೆಲ್ಲ ತೋರಿಸುತ್ತೇವೆ. ವಾರವಾರ ಈ ಅಂಕಣದಲ್ಲಿ ಅಕ್ಷರ ಬರೆದು ನಿಮಗೆ ಬುದ್ಧಿ ಹೇಳುವ ನಾನು, ಆ ರಟ್ಟಿನ ಉದ್ದಗಲವನ್ನು ಸ್ಕೇಲಿಟ್ಟು ಮೂರು ಸಲ ಅಳೆದಿದ್ದೆ. ನಾಲ್ಕು ಸಾಲು ಓದಿರಲಿಲ್ಲ. ಥೂ ನನ್ನ ಜನ್ಮಕ್ಕೆ!

ಕೊಳೆ ಅಂತ ಒರೆಸಿಬಿಟ್ಟೆ ಎಂದು ಒಪ್ಪಿಕೊಂಡೆ. ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪುಸ್ತಕವನ್ನು ವಸ್ತ್ರದಲ್ಲಿ ಸುತ್ತಿಕೊಂಡು ಬಾಗಿಲವರೆಗೆ ಹೋದವರು, ತಿರುಗಿ ನಿಂತು ಕೇಳಿದರು:

“ಕಡೀಗೆ ನೋಡಿದಾಕಿ ನೀನ ಅಲ್ಲೇನವ್ವ? ಒರಸೂವಾಗ ಒಂದಕ್ಷರಾನೂ ಕಣ್ಣಿಗೆ ಬೀಳಲಿಲ್ಲೇನು?”