ಗ್ರೀಕ್ ಯುವಕನ ಬೆನ್ನ ಹಿಂದೆ

ಆಂಟಿಯ ಹೆಬ್ಬೆರಳುಗಳು ದಪ್ಪ, ತುದಿಯಲ್ಲಿ ಚಪ್ಪಟೆ. ಹುಬ್ಬಳ್ಳಿಯಲ್ಲಿ ವರ್ಷಗಟ್ಟಲೆ ಮೂಳೆ ಕೂಡಿಸಿದ ಡಾಕ್ಟರು ಅವರು. ನಿವೃತ್ತರಾದ ಮೇಲೆ ಅಮೆರಿಕದ ನಾರ್‌ಕ್ರಾಸ್‌ನಲ್ಲಿ ನಮ್ಮ ಪಕ್ಕದಲ್ಲೇ ಇದ್ದ ಮಗನ ಮನೆಗೆ ಬಂದರು. ಮೊದಲ ಸಲ ಕಂಡಾಗ ನನ್ನ ಹೆಸರು ಕೇಳಲಿಲ್ಲ. ಬಲ ಮೊಣಕಾಲು ಯಾವಾಗಿನಿಂದ ನೋಯುತ್ತಿದೆ ಎಂದು ಕೇಳಿದರು.

ಅಟ್ಲಾಂಟಾದ ಸಣ್ಣ ಮ್ಯೂಸಿಯಂ ಒಂದರಲ್ಲಿ ಪ್ರಾಚೀನ ಗ್ರೀಕ್ ಶಿಲ್ಪಗಳಿವೆ ಎಂದು ನಾನು ಹೇಳಿದ್ದೇ ತಡ, ಮರುದಿನ ಬೆಳಿಗ್ಗೆ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ನನ್ನ ಐದು ವರ್ಷದ ಮಗಳೂ ಜೊತೆಗೆ ಬಂದಳು. ಚಿತ್ರ ಬರೆದ ಹೂಜಿಗಳು, ಚಿನ್ನದ ಎಲೆಗಳ ಕಿರೀಟ, ಮಕ್ಕಳಾಡಿದ ಮಣ್ಣಿನ ಕುದುರೆ. ಎತ್ತ ನೋಡಬೇಕೋ ತಿಳಿಯದೆ ನಾನು ಓಡಾಡುತ್ತಿದ್ದೆ. ಆಂಟಿ ಮಾತ್ರ ಕೈಗಳಿಲ್ಲದ ಅಮೃತಶಿಲೆಯ ಯುವಕನೊಬ್ಬನ ಹಿಂದೆ ಹೋಗಿ, ಕೋವಿಡ್ ಕಾಲದ ಮಾಸ್ಕ್ ಇಳಿಸಿ, ನನ್ನನ್ನು ಕರೆದರು.

"ಮಾರಿ ಎಲ್ಲಾರೂ ನೋಡ್ತಾರ, ಇಲ್ಲೆ ಬಾ. ಒಂದ ಕಾಲ ಮ್ಯಾಲ ಭಾರ ಬಿಟ್ಟಾನ. ಅದಕ್ಕ ಈ ಕಡೆ ಸೊಂಟ ಏರ್ಯದ, ಭುಜ ಇಳದದ. ಕೆತ್ತಿದವಗ ಎಕ್ಸ್‌ರೇ ಇಲ್ಲದ ಹೆಂಗ ತಿಳೀತು?"

ಮಗಳು ಮುಂದೆ ಕುಕ್ಕರಗಾಲಲ್ಲಿ ಕೂತು ಆ ಯುವಕನ ಕಾಲ್ಬೆರಳು ನೋಡುತ್ತಿದ್ದಳು. ಆಂಟಿಯ ಮಾತು ತಟ್ಟನೆ ನಿಂತಿತು. ಶಿಲ್ಪ ನಿಂತಿದ್ದ ಮರದ ಪೀಠ ಮುಂದಕ್ಕೆ ವಾಲಿ, ಹಿಂಬದಿ ನೆಲ ಬಿಟ್ಟು ಮೇಲೇಳುತ್ತಿತ್ತು. ನನಗದು ಅರ್ಥವಾಗುವ ಮೊದಲೇ ಅವರು ಮುಂದಕ್ಕೆ ಓಡಿ, ಮಗಳ ಫ್ರಾಕು ಹಿಡಿದೆಳೆದು, ಅವಳ ಸಮೇತ ಬಿದ್ದರು. ಅವಳು ಕೂತಿದ್ದ ಜಾಗಕ್ಕೇ ಕಲ್ಲು ಅಪ್ಪಳಿಸಿತು.

ನೆಲದಲ್ಲಿ ಮಲಗಿಯೇ ಆಂಟಿ ತಮ್ಮ ಮಣಿಕಟ್ಟು ನೋಡಿಕೊಂಡು, "ಮುರೀತು. ನೀ ಹುಡುಗಿ ನೋಡು," ಎಂದರು.

ಮಗಳಿಗೆ ಗಾಯವಾಗಿರಲಿಲ್ಲ. ಆದರೆ ಅಂದಿನಿಂದ ಅವಳು ಮೇಲೆ ಬಿದ್ದೀತೆಂದು ಫ್ರಿಜ್ಜಿನ ಹತ್ತಿರವೂ ಹೋಗುತ್ತಿರಲಿಲ್ಲ. ನಾನೋ ಮ್ಯೂಸಿಯಂ ಎಂಬ ಮಾತನ್ನೇ ಮನೆಯಲ್ಲಿ ನಿಲ್ಲಿಸಿದೆ. ಕೆಲವು ವಾರಗಳಾದ ಮೇಲೆ ಆಂಟಿ ಪ್ಲಾಸ್ಟರಿನ ಕೈಯಲ್ಲೇ ಬಂದು, ಹುಡುಗಿಯನ್ನು ಮತ್ತೆ ಅಲ್ಲಿಗೇ ಕರೆದೊಯ್ಯಬೇಕೆಂದರು. ನಾನು ಜಗಳಕ್ಕೇ ನಿಂತೆ.

"ಎಲಬು ಕೂಡಿದ ಮ್ಯಾಲ ಕಾಲ ಊರಬೇಕವಾ. ಊರಲಿಲ್ಲಂದ್ರ ಜೀವನಪೂರ್ತಿ ಕುಂಟತಾರ. ಅಂಜಿಕಿ ಬಂದ್ರ ನೀ ಕಾರಿನ್ಯಾಗ ಕೂಡು."

ಕಾರಿನಲ್ಲೇ ಕೂತೆ. ಎಷ್ಟು ಹೊತ್ತಾದರೂ ಅವರು ಬರಲಿಲ್ಲ. ಕೊನೆಗೆ ಮಗಳು ಆಂಟಿಯನ್ನು ಎಳೆದುಕೊಂಡೇ ಓಡಿಬಂದಳು. "ಅಮ್ಮಾ, ಬೇರೆ ಸ್ಟ್ಯಾಚ್ಯೂ ಹಿಂದೆ ಹೋಗಿ ನೋಡಿದ್ವಿ. ಗ್ರೀಕ್ ಗಾಡ್‌ಗೂ ಕುಂಡಿ ಇದೆ!"

ಆಂಟಿ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಆ ಕಲ್ಲು ಬಿದ್ದ ಸದ್ದು ಇಂದಿಗೂ ಇದ್ದಕ್ಕಿದ್ದಂತೆ ಕೇಳಿ ಬೆಚ್ಚುತ್ತೇನೆ. ನನಗೆ ಮಾತ್ರ ಕೇಳುತ್ತದೆ, ಮಗಳಿಗೆ ಕೇಳುವುದಿಲ್ಲ. ಅಷ್ಟನ್ನು ಆಂಟಿ ಮಾಡಿಹೋದರು.