ಅಕ್ಕನಿಗೆ ಇಷ್ಟವಾದದ್ದನ್ನೇ ತರುವವರು

ಹೋದ ತಿಂಗಳು ಹೊಳಲಿನಲ್ಲಿರುವ ನಮ್ಮ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದಕ್ಕೆ ತಳ್ಳಿ, ಒಂದು ಪ್ರಶ್ನೆ ಕೇಳಿದಳು.

"ಲೇ, ನಾನು ಸಾಯ್ತೀನೇನ್ಲಾ?"

"ಯಾರಕ್ಕ ಅಂಗಂದೋರು?" ಅಂದೆ.

"ಯಾರೂ ಅನ್ನಲಿಲ್ಲ ಕಣ್ಲಾ. ಇಲ್ನೋಡು" ಅಂತ ಗೂಡಿನ ಕಡೆ ಕೈ ತೋರಿಸಿದಳು. ಗೂಡಿನ ತುಂಬ ಡಬ್ಬಿ, ಪೊಟ್ಟಣ. ಒಬ್ಬಟ್ಟು, ಕಜ್ಜಾಯ, ಎಳ್ಳುಂಡೆ. (ಒಲೆಯ ಮೇಲೆ ಯಾರೋ ತಂದಿಟ್ಟ ನಾಟಿಕೋಳಿ ಸಾರು ಬೇರೆ.) "ಎಲ್ರೂ ನಂಗಿಷ್ಟವಾದ್ದನ್ನೇ ತತ್ತಾವ್ರೆ. ನಿಮ್ಮ ಭಾವನ ತಂಗಿ ವರ್ಸಗಟ್ಲೆ ನನ್ ಕೂಡೆ ಮಾತು ಬುಟ್ಟಿದ್ದೋಳು, ಅವಳೂ ಕಜ್ಜಾಯ ಸುಟ್ಕಂಡು ಬಂದವ್ಳೆ!"

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರುವುದೇ. ಹುಷಾರಿಲ್ಲದವರನ್ನು ನೋಡಲು ಹೋದರೆ ಬ್ರೆಡ್ಡು, ಮೋಸಂಬಿ. ಇನ್ನು ಉಳಿಯುವುದಿಲ್ಲ ಅನ್ನಿಸಿದವರನ್ನು ನೋಡಲು ಹೋದರೆ ಅವರಿಗೆ ಇಷ್ಟವಾದ ತಿಂಡಿ. ಪಾಪ, ಆಸೆ ಉಳಿಸಿಕೊಂಡು ಹೋಗಬಾರದಲ್ಲ! ಬಾಯಲ್ಲಿ ಮಾತ್ರ ಎಲ್ಲರದೂ ಒಂದೇ ಪಾಠ: "ಏನೂ ಆಗಕಿಲ್ಲ ಕಣವ್ವ."

ಅಕ್ಕನಿಗೆ ಎದೆಯಲ್ಲಿ ಗಂಟಾಗಿತ್ತು. ಮೈಸೂರಿನಲ್ಲಿ ಆಪರೇಷನ್ ಮಾಡಿ ಒಂದು ಎದೆಯನ್ನೇ ತೆಗೆದಿದ್ದರು. ಕ್ಯಾನ್ಸರ್ ಅಂತ ನನಗೂ ಭಾವನಿಗೂ ಗೊತ್ತು. ಅವಳಿಗೆ ಮಾತ್ರ ಗಡ್ಡೆ ಅಂತ ಹೇಳಿ ಬಾಯಿ ಮುಚ್ಚಿಕೊಂಡಿದ್ದೆವು.

ಆದರೆ ನೆಂಟರ ಕಿವಿ ಮುಚ್ಚುವವರು ಯಾರು? ಬೆಸಗರಹಳ್ಳಿಯಲ್ಲಿ ಭಾವನ ದೊಡ್ಡಪ್ಪನ ಸೊಸೆ ಪುಟ್ಟತಾಯಮ್ಮನಿಗೆ ಇದೇ ಕಾಯಿಲೆ, ಇದೇ ಆಪರೇಷನ್. ವರ್ಷ ತುಂಬುವುದರೊಳಗೆ ತೀರಿಕೊಂಡಳು. ಅಂದಮೇಲೆ ಅಕ್ಕನಿಗೂ ಅಷ್ಟೇ ಅಂತ ಎಲ್ಲರೂ ತೀರ್ಮಾನಿಸಿದ್ದರು. ನಾನೂ ಹೆಚ್ಚುಕಡಿಮೆ ಹಾಗೇ ಅಂದುಕೊಂಡು ನಿದ್ದೆಗೆಟ್ಟಿದ್ದೆ.

ತಿಂಡಿಯಾದರೆ ಹೋಗಲಿ ಅನ್ನಬಹುದು. ಭಾವ ಆಗಲೇ ಮಗಳು ಸರೋಜಳಿಗೆ ಮಳವಳ್ಳಿಯಲ್ಲಿ ಒಂದು ಗಂಡು ನೋಡಿಬಿಟ್ಟಿದ್ದರು. ಅವಳು ಮಂಡ್ಯದಲ್ಲಿ ಡಿಗ್ರಿ ಓದುತ್ತಿದ್ದಾಳೆ. "ಅವರವ್ವನ ಕಣ್ಮುಂದೆ ಮಗಿಗೊಂದು ದಾರಿ ಆಗ್ಬುಡ್ಲಿ ಕಣಪ್ಪ" ಅಂದರು ಭಾವ. ಅವಳ ಓದು? ಅದನ್ನು ಯಾರೂ ಕೇಳಲಿಲ್ಲ. ಹುಡುಗಿ ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿ ಅವ್ವನ ಮುಖ ನೋಡುತ್ತ ಕೂತಿದ್ದಳು.

"ನಡಿಯಕ್ಕ, ಡಾಕ್ಟ್ರನ್ನೇ ಕೇಳನ" ಅಂದೆ.

"ನನ್ ಮುಂದೇನೇ ಕೇಳ್ಬೇಕು" ಅಂದಳು ಅಕ್ಕ.

ಮೈಸೂರಿನ ಬಸ್ಸಿಗೆ ಭಾವನೂ ನಮ್ಮ ಜೊತೆ ಹತ್ತಿದರು. ಅಕ್ಕ ಸೆರಗನ್ನು ಎಡಗಡೆಗೆ ಎಳೆದುಕೊಳ್ಳುತ್ತಲೇ ಇದ್ದಳು.

ಡಾಕ್ಟರ ಮುಂದೆ ಕೂತ ಕೂಡಲೇ ಭಾವ, "ಬೆಸಗ್ರಳ್ಳಿ ಪುಟ್ತಾಯಮ್ಮಂಗಾದ್ದೇ ಅಲ್ವಾ ಸ್ವಾಮಿ ಇದೂವೆ?" ಅಂದರು.

ಡಾಕ್ಟರಿಗೆ ರೇಗಿತು. "ಭತ್ತ ಬೆಳೆಯೋರು ನೀವು. ಎಲ್ಲಾ ತಳಿನೂ ಒಂದೇ ಸಲ ಕೊಯ್ಲಿಗೆ ಬರುತ್ತೇನ್ರೀ? ಎದೆ ಕ್ಯಾನ್ಸರಲ್ಲೂ ಬಗೆ ಬಗೆ ಇದೆ. ಆಯಮ್ಮಂದು ಯಾವುದೋ, ನಾನು ನೋಡಿಲ್ಲ. ಇವರದು ನಿಧಾನದ್ದು. ಕಂಕುಳಿಗೂ ಹರಡಿಲ್ಲ."

ಕ್ಯಾನ್ಸರ್ ಅನ್ನುವ ಮಾತು ಕಿವಿಗೆ ಬಿದ್ದರೂ ಅಕ್ಕ ಕದಲಲಿಲ್ಲ. ಭಾವ ಸದ್ಯ ಅಂತ ಉಸಿರು ಬಿಟ್ಟರು. ಆದರೆ ಡಾಕ್ಟರ ಮಾತು ಮುಗಿದಿರಲಿಲ್ಲ.

"ಬೇಗ ಬೆಳೆಯೋ ಬಗೆ ಮರಳಿ ಬರೋದಾದರೆ ಹೆಚ್ಚಾಗಿ ಮೊದಲ ಕೆಲವು ವರ್ಷದಲ್ಲೇ ಬರುತ್ತೆ. ಅದು ದಾಟಿದರೆ ಭಯ ಕಮ್ಮಿ. ನಿಧಾನದ್ದು ಹಾಗಲ್ಲ. ಎಷ್ಟೋ ವರ್ಷ ಸುಮ್ಮನಿದ್ದು ಆಮೇಲೂ ಬರಬಹುದು. ಬರದೇನೂ ಇರಬಹುದು. ತಪ್ಪದೆ ಬಂದು ತೋರಿಸಿಕೊಳ್ಳಬೇಕು."

ಇದನ್ನು ಕೇಳಿ ನಗಬೇಕೋ ಅಳಬೇಕೋ?

ಭಾವನ ತಲೆಯಲ್ಲಿ ಇನ್ನೂ ಮಳವಳ್ಳಿಯೇ. "ಅಂಗಾರೆ ಸ್ವಾಮಿ, ಮದ್ವೆ ಈ ವರ್ಸವೇ ಮಾಡದೋ, ಮುಂದ್ಲ ವರ್ಸವೋ?"

ಡಾಕ್ಟರು ನನ್ನ ಮುಖ ನೋಡಿದರು. ಉತ್ತರ ಕೊಟ್ಟವಳು ಅಕ್ಕ.

"ಸರೋಜ ಓದ್ಲಿ. ನಿಧಾನದ್ದು ಅಂತ ಅವ್ರೇ ಅಂದ್ರಲ್ಲ. ಕಾಯ್ಲೆಗೇ ಇಲ್ದಿರೋ ಆತ್ರ ನಿಮ್ಗ್ಯಾಕೆ?"

ಸರೋಜ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾಳೆ. ಹಾಗಂತ ಎಲ್ಲವೂ ಸರಿಹೋಯಿತೇ? ಎಲ್ಲಿ ಬಂತು! ಅಕ್ಕ ಕೆಮ್ಮಿದರೆ ಎಷ್ಟು ದಿನದಿಂದ ಅಂತ ಕೇಳುತ್ತೇನೆ. ಅವಳು ಬೆನ್ನುನೋವು ಅಂದರೆ ಭಾವ ಮೈಸೂರು ಬಸ್ಸಿನ ಟೈಮು ವಿಚಾರಿಸುತ್ತಾರೆ. ಮೊದಲಿದ್ದದ್ದು ಒಂದು ವರ್ಷದ ಹೆದರಿಕೆ. ಈಗಿನದಕ್ಕೆ ವಾಯಿದೆಯೇ ಇಲ್ಲ. ಆದರೂ ಇದೇ ವಾಸಿ ಅಂತ ದಿನಾ ಬೆಳಿಗ್ಗೆ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಮೊನ್ನೆ ಭಾನುವಾರ ಹೊಳಲಿಗೆ ಹೋದೆ. ಭಾವನ ತಂಗಿ ಮತ್ತೆ ಕಜ್ಜಾಯದ ಡಬ್ಬಿ ಹಿಡಿದು ಜಗಲಿಯ ಮೇಲೆ ಕೂತಿದ್ದರು. ಅಕ್ಕ ಆ ಡಬ್ಬಿಯನ್ನು ಮುಚ್ಚಳ ಸಮೇತ ಅವರ ಮಡಿಲಲ್ಲೇ ಇಟ್ಟಳು.

"ತಕ್ಕೊಂಡೋಗವ್ವ. ಮುಂದ್ಲ ವರ್ಸ ದೀಪಾವಳಿಗೆ ತಕ್ಕೊಂಬಾ. ನಾನಿರ್ತೀನಿ."

ನಾನು ಬಾಗಿಲಲ್ಲೇ ನಿಂತೆ. ಅಕ್ಕನಿಗೆ ಇಷ್ಟ ಅಂತ ಬೆಳಿಗ್ಗೆ ಮದ್ದೂರಿನಲ್ಲಿ ಕಟ್ಟಿಸಿಕೊಂಡಿದ್ದ ವಡೆ ನನ್ನ ಚೀಲದಲ್ಲಿತ್ತು. ನೀವೇ ಹೇಳಿ, ಅದನ್ನು ಯಾವ ಮುಖ ಇಟ್ಟುಕೊಂಡು ಹೊರಗೆ ತೆಗೆಯಲಿ?