ಕಿವಿಯಿಲ್ಲದ ಆಟಿಕೆ

ಗಿರಾಕಿಯನ್ನು ನಾನು ಕಾಲಿನಿಂದ ಮೇಲಕ್ಕೆ ಓದುತ್ತೇನೆ. ಮುಖವನ್ನು ಯಾರು ಬೇಕಾದರೂ ತಿದ್ದಿಕೊಳ್ಳಬಹುದು, ಚಪ್ಪಲಿಯನ್ನು ಅಷ್ಟು ಸುಲಭವಾಗಿ ತಿದ್ದಲಾಗದು. ಹರಿಶ್ಚಂದ್ರಣ್ಣ ಮೊದಲ ಸಲ ನನ್ನ ಅಂಗಡಿ ಹತ್ತಿದಾಗ ಅವರ ಚಪ್ಪಲಿಯ ಪಟ್ಟಿ ಹೊಸದು, ಅಟ್ಟೆ ಹಳೆಯದು. ಅಂದರೆ ಖರ್ಚು ಮಾಡುವ ಮನುಷ್ಯನೇ, ಆದರೆ ಹರಿದಷ್ಟಕ್ಕೆ ಮಾತ್ರ. ಹಾಸಿಗೆಯ ಕೆಳಗಿಟ್ಟು ಮಡಿಕೆ ಮೂಡಿಸಿದ ಅಂಗಿ. ಕಂಕುಳಲ್ಲಿ ಒತ್ತಿಕೊಂಡ ಬಟ್ಟೆಯ ಕೈಚೀಲ, ನಮ್ಮ ಕಡೆಯ ಪಿಶವಿ. ಅರವತ್ತು ದಾಟಿದರೂ ಮೂಟೆ ಹೊತ್ತವರ ಭುಜ. ಇಲ್ಲಿಯವರೆಗೆ ಒಳ್ಳೆಯ ಮಾಲು.

ಆದರೆ ಆಟಿಕೆಯ ಪೆಟ್ಟಿಗೆ ಎತ್ತಿಕೊಂಡವರು ಮೇಲಿನ ಚಿತ್ರ ನೋಡಲಿಲ್ಲ. ತಿರುಗಿಸಿ ತಳ ಓದತೊಡಗಿದರು. ಕಾರವಾರದ ಪೇಟೆಯಲ್ಲಿ ಪೆಟ್ಟಿಗೆಯ ತಳ ಓದುವವರು ಎರಡೇ ಬಗೆ: ಮಾಲು ವಾಪಸ್ ತಂದವರು ಮತ್ತು ತಪಾಸಣೆಗೆ ಬಂದವರು. ಇವರ ಕೈಯಲ್ಲಿ ವಾಪಸ್ ಕೊಡುವಂಥದ್ದು ಏನೂ ಇರಲಿಲ್ಲ. ಆಟಿಕೆಗೆ ಐಎಸ್‌ಐ ಗುರುತು ಇರಬೇಕೆಂಬ ನಿಯಮ ಬಂದ ಮೇಲೆ ನಮ್ಮಂಥವರು ಅಪರಿಚಿತರಿಗೆ ಚಹಾ ತರಿಸುವ ಮೊದಲು ಎರಡು ಸಲ ಯೋಚಿಸುತ್ತೇವೆ. ಹೆಂಡತಿ ರಂಜನಾಳಿಗೆ ಕಣ್ಸನ್ನೆ ಮಾಡಿದೆ. ಗುರುತು ಸ್ವಲ್ಪ ಮಸುಕಾಗಿದ್ದ ಎರಡು ಪೆಟ್ಟಿಗೆಗಳು ಸದ್ದಿಲ್ಲದೆ ಅಟ್ಟ ಸೇರಿದವು.

"ಯಾರಿಗೆ ಬೇಕಿತ್ತು?" ಎಂದೆ.

"ಮೊಮ್ಮಗಳಿಗೆ. ಈ ಭಾನ್ವಾರಕ್ಕೆ ಎರಡು ತುಂಬ್ತದೆ. ಮಾತಿಗೆ ಮಾತು ಕೊಡೂವಂಥದ್ದು ಬೇಕು."

ಆಟದ ಅಡಿಗೆಮನೆ ತೋರಿಸಿದೆ. ಪುಟ್ಟ ಒಲೆ, ಪುಟ್ಟ ಕುಕ್ಕರ್, ನಲ್ಲಿ. ಗುಂಡಿ ಒತ್ತಿದರೆ ಕುಕ್ಕರ್ ಸೀಟಿ ಹಾಕುತ್ತದೆ, ಆಮೇಲೆ ಒಂದು ಹೆಣ್ಣು ದನಿ ಅಡಿಗೆ ಬಹಳ ರುಚಿಯಾಗಿದೆ ಎಂದು ಹಿಂದಿಯಲ್ಲಿ ಹೊಗಳುತ್ತದೆ.

"ಉಪ್ಪು ಹಾಕದಿದ್ರೂ ಹೊಗಳ್ತದಾ?"

"ಹೊಗಳ್ತದೆ."

"ಹಾಂಗಾದ್ರೆ ಮನೆ ಜನ ಅಲ್ಲ ಅದು."

ಹೇಳಿದ್ದನ್ನೇ ತಿರುಗಿ ಹೇಳುವ ಗಿಳಿಯನ್ನು ಮುಂದಿಟ್ಟೆ. "ಇದರ ಎದ್ರು ಏನಾದ್ರೂ ಹೇಳಿ ನೋಡಿ."

ಅವರು ಬಾಯಿ ಬಿಗಿ ಹಿಡಿದರು. ತೋರುಬೆರಳಿನಿಂದ ಗಿಳಿಯನ್ನು ದೂರ ತಳ್ಳಿ, ಕೌಂಟರಿನ ಆಚೆ ತುದಿಗೆ ಹೋಗಿ ಪಿಸುಗುಟ್ಟಿದರು: "ಕೇಳಿದ್ದನ್ನ ಎಲ್ಲಿ ಇಟ್ಕೊಳ್ತದೆ ಅದು?"

"ಹೊಟ್ಟೆಲಿ."

"ಹೊಟ್ಟೆಯಿಂದ ಎಲ್ಲಿಗೆ ಹೋಗ್ತದೆ?"

"ಎಲ್ಲಿಗೆ ಹೋಗ್ತದೆ ಮಾರಾಯ್ರೇ, ಆಟದ ಗಿಳಿ!" ಎಂದು ನಕ್ಕೆ.

"ಅದನ್ನೇ ಕೇಳಿದ್ದು ನಾನು," ಎಂದು ಮೆಟ್ಟಿಲಿಳಿದು ಹೋಗಿಬಿಟ್ಟರು.

"ಆಫೀಸರೇ. ಬರೆದಿಟ್ಕೊ," ಎಂದೆ ರಂಜನಾಳಿಗೆ.

"ಎಂತ ಆಫೀಸರು? ಆಫೀಸರಾದ್ರೆ ಪಿಶವಿ ಮನೆಯಿಂದ ತರೂದಿಲ್ಲ, ನಮ್ಮ ಹತ್ರನೇ ಕೇಳ್ತಾರೆ," ಎಂದಳು ಅವಳು.

ಎರಡು ದಿನ ಬಿಟ್ಟು ಅಂಕೋಲೆ ಬಸ್ಸಿನಿಂದ ಮತ್ತೆ ಇಳಿದರು. ಅಂಕೋಲೆ ಎಂದರೆ ನನಗೆ ಇನ್ನೊಂದು ಸಂಶಯ. ಅಲ್ಲಿ ನನ್ನಂತೆಯೇ ಆಟಿಕೆ ಮಾರುವವನೊಬ್ಬನಿದ್ದಾನೆ, ನನ್ನ ಅಂಗಡಿಗೆ ಏನೇನು ಬಂದಿದೆ ಎಂದು ತಿಳಿದುಕೊಳ್ಳದಿದ್ದರೆ ಅವನಿಗೆ ನಿದ್ದೆ ಹತ್ತುವುದಿಲ್ಲ.

"ಅವ ಕಳ್ಸಿದ್ನಾ ನಿಮ್ಮನ್ನ?" ನೇರ ಕೇಳಿದೆ.

"ಅಲ್ಲಿಗೂ ಹೋಗಿದ್ದೆ. ಅವನೂ ನಿಮ್ಮ ಹಾಂಗೆ ನಗಾಡ್ದ," ಎಂದವರು ಸ್ಟೂಲು ಎಳೆದು ಕುಳಿತರು. "ಶೇಟ್ರೇ, ನಂಗೆ ಕಿವಿ ಇಲ್ದಿದ್ ಆಟಿಕೆ ಬೇಕು."

ಆಮೇಲೆ ಬಿಡಿಸಿ ಹೇಳಿದರು. ಮಗ ಗುರುಪ್ರಸಾದ ನೌಕಾನೆಲೆಯೊಳಗೆ ಗುತ್ತಿಗೆಯ ಕೆಲಸದಲ್ಲಿರುವ ಎಲೆಕ್ಟ್ರಿಷಿಯನ್. ಬೆಳಿಗ್ಗೆ ಗೇಟಿನಲ್ಲಿ ಫೋನು ಕೊಟ್ಟು, ಪಾಸು ತೋರಿಸಿ, ಚೀಲ ಬಿಚ್ಚಿ ಒಳಗೆ ಹೋಗಬೇಕು. ಮೊಮ್ಮಗಳು ಪ್ರೇಕ್ಷಾಳಿಗೆ ಒಂದು ಚಾಳಿ. ಅಪ್ಪನ ಊಟದ ಚೀಲದಲ್ಲಿ ದಿನವೂ ಏನಾದರೊಂದು ತುರುಕುತ್ತಾಳೆ. ಒಮ್ಮೆ ಬಾಚಣಿಗೆ, ಒಮ್ಮೆ ಅಜ್ಜನ ಕನ್ನಡಕದ ಡಬ್ಬಿ. ಕಳೆದ ತಿಂಗಳು ಪ್ಲಾಸ್ಟಿಕ್ಕಿನ ಗುಬ್ಬಿ ಗೇಟಿನಲ್ಲಿ ಹೊರಬಿದ್ದಿತು. ಕಾವಲಿನವನು ನಕ್ಕು ಬಿಟ್ಟನಂತೆ.

"ಗುಬ್ಬಿ ಆದ್ದಕ್ಕೆ ನಕ್ಕ. ಈ ನಿಮ್ಮ ಗಿಳಿ ಆಗಿದ್ರೆ? ಮಾತು ಹಿಡ್ಕೊಳ್ಳೂ ಸಾಮಾನು ಒಳಗೆ ತಂದ ಅಂತ ಆದ್ರೆ ಪಾಸು ಹೋಯ್ತು. ಪಾಸು ಹೋದ್ರೆ ಕೆಲಸ ಹೋಯ್ತು."

"ಹಾಂಗಾದ್ರೆ ಮರದ ಬುಗುರಿ ಕೊಡ್ತೆ, ತಕೊಂಡು ಹೋಗಿ."

"ಪಕ್ಕದ ಮನೆ ಮಗೂಗೆ ಮಾತಾಡೂ ಬೊಂಬೆ ಅದೆ. ಇವ್ಳು ಬೇಲಿ ಹಿಡ್ಕೊಂಡು ಅದನ್ನೇ ನೋಡ್ತಾ ನಿಲ್ತಾಳೆ. ತರ್ತೆ ಅಂತ ಹೇಳಿಬಿಟ್ಟಿದ್ದೆ. ಉತ್ತರ ಕೊಡ್ಬೇಕು, ಆದ್ರೆ ಕೇಳ್ಬಾರ್ದು."

"ಕೇಳದೆ ಉತ್ತರ ಕೊಡೂದಾದ್ರೆ ಇವ್ರನ್ನೇ ತಕೊಂಡು ಹೋಗಿ," ಎಂದು ರಂಜನಾ ನನ್ನತ್ತ ಗದ್ದ ಎತ್ತಿ ತೋರಿಸಿದಳು.

ಸಂಶಯ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅವರ ಮೂಲ ಮನೆ ಚೆಂಡಿಯಾ ಎಂಬ ಊರಿನಲ್ಲಿ. ನೌಕಾನೆಲೆಗೆ ಜಾಗ ಗುರುತಿಸುವಾಗ ಕೆಲವರು ಬಣ್ಣದ ಡಬ್ಬಿ ಹಿಡಿದು ಬಂದು ತೆಂಗಿನ ಮರಗಳಿಗೆ ನಂಬರು ಬರೆದರಂತೆ. "ಬಿಸಿಲಿಗೆ ಬಂದ್ರಲ್ಲ ಪಾಪ ಅಂತ ಎಳನೀರು ಕೆತ್ತಿ ಕೊಟ್ಟವ ನಾನೇ. ನಂಬರು ಎಂತಕ್ಕೆ ಅಂತ ಕೇಳೂಕೆ ಹೋಗ್ಲಿಲ್ಲ." ಮರಗಳು ಹೋದವು, ಜಾಗವೂ ಹೋಯಿತು, ಸಂಸಾರ ತೋಡೂರಿಗೆ ಬಂತು. ಬೈತಖೋಲದ ಬಂದರಿನಲ್ಲಿ ಲೋಡಿಂಗ್ ಮಾಡಿ ಮಗನನ್ನು ಓದಿಸಿದರು. ಅಂದಿನಿಂದ ಮನೆಗೆ ಯಾರು ಬಂದರೂ ಮೊದಲು ಬಂದ ಕಾರಣ, ಆಮೇಲೆ ನೀರು.

ಇಷ್ಟು ಕೇಳಿದ ಮೇಲೂ ವ್ಯಾಪಾರಿಯ ನಾಲಿಗೆ ಸುಮ್ಮನಿರಲಿಲ್ಲ. ಅಡಿಗೆಮನೆಯನ್ನು ಮತ್ತೆ ಮುಂದೆ ತಂದೆ. "ದೇವ್ರಾಣೆ ಇದಕ್ಕೆ ಕಿವಿ ಇಲ್ಲ. ಗುಂಡಿ ಒತ್ತಿದ್ರೆ ಮಾತ್ರ ಮಾತು." ಅದೇ ಹೊತ್ತಿಗೆ ಒಳಗೆ ರಂಜನಾಳ ಕೈಯಿಂದ ಸ್ಟೀಲಿನ ತಟ್ಟೆ ಜಾರಿ ನೆಲಕ್ಕೆ ಬಿತ್ತು. ಯಾರೂ ಮುಟ್ಟದ ಅಡಿಗೆಮನೆ ಕೆಂಪು ದೀಪ ಮಿನುಗಿಸಿ ಹಿಂದಿಯಲ್ಲಿ ಕೇಳಿತು: "ರಸೋಯಿ ಮೇಂ ಕೌನ್ ಹೈ?"

ಅಡಿಗೆಮನೆಯಲ್ಲಿ ಯಾರೆಂಬ ಆ ಪ್ರಶ್ನೆಗೆ ನಾವು ಮೂವರೂ ಯಾರೂ ಇಲ್ಲವೆಂಬಂತೆ ನಿಂತೆವು.

"ನೀವು ಸುಳ್ಳು ಹೇಳ್ಲಿಲ್ಲ ಶೇಟ್ರೇ," ಎಂದರು ಹರಿಶ್ಚಂದ್ರಣ್ಣ ಮೆಲ್ಲಗೆ. "ನಿಮಗೂ ಗೊತ್ತಿರ್ಲಿಲ್ಲ. ನಂಗೆ ಹೆದ್ರಿಕೆ ಅದೇ."

ಮರ್ಯಾದೆ ಉಳಿಸಿಕೊಳ್ಳಲು ಆಟದ ಫೋನೊಂದರ ಸ್ಕ್ರೂ ಬಿಚ್ಚಿ ತೋರಿಸಿದೆ. ಒಳಗೆ ತೂತುತೂತಿನ ಒಂದು ಬಿಲ್ಲೆ. "ಇದು ಸ್ಪೀಕರು. ಬಾಯಿ. ಕಿವಿ ಅಲ್ಲ."

"ಬಾಯಿ ಕಿವಿ ಎರಡೂ ಒಂದೇ ನಮೂನೆ ಕಂಡ್ರೆ ಗೇಟಿನವನಿಗೆ ಬಿಡಿಸಿ ಹೇಳೂದು ಯಾರು? ನೀವು ಬರ್ತ್ರಾ?"

ನಾನು ಫೋನಿನ ಸ್ಕ್ರೂಗಳನ್ನು ಮತ್ತೆ ಬಿಗಿಯತೊಡಗಿದೆ. ಪಿಶವಿಯನ್ನು ಖಾಲಿಯಾಗಿಯೇ ಮಡಿಸಿಕೊಂಡು ಅವರು ಹೋದರು.

ಶನಿವಾರ ಮೊಮ್ಮಗಳನ್ನೇ ಸೊಂಟದಲ್ಲಿ ಕೂರಿಸಿಕೊಂಡು ಬಂದರು. "ಅವ್ಳೇ ಆರಿಸ್ಲಿ. ನಾನು ಬಿಚ್ಚಿ ನೋಡ್ತೆ," ಎಂದರು. ಕೆಳಗಿಳಿಸಿದ ಕೂಡಲೇ ಪ್ರೇಕ್ಷಾ ಆಟಿಕೆಗಳನ್ನೆಲ್ಲ ದಾಟಿ ಕೌಂಟರಿನ ಹಿಂದೆ ನುಗ್ಗಿದಳು. ಅಲ್ಲಿ ಮೊಳೆಗೆ ನೇತುಬಿದ್ದಿದ್ದ ನನ್ನ ಊಟದ ಚೀಲ ಎಳೆದು ಬೀಳಿಸಿ, ನನ್ನೆದುರು ಅಂಗೈ ಎತ್ತಿ ಮನೆಯ ಕೊಂಕಣಿಯಲ್ಲಿ ಗದರಿದಳು: "ರಾವ್!"

ನಿಲ್ಲು ಎಂದಳು, ನಾನು ನಿಂತೆ. ಡಬ್ಬಿ ಹೊರಬಂತು, ಚಮಚ ಹೊರಬಂತು, ಸಕ್ಕರೆ ಕಾಯಿಲೆಯ ಮಾತ್ರೆ ಬಂತು, ಅದರ ಹಿಂದೆ ಕಾಗದದಲ್ಲಿ ಸುತ್ತಿದ ಎರಡು ಪೇಡೆ ಬಂದವು. ರಂಜನಾ ನೋಡಿದಳು.

"ಇದು ಎಂತ್ರೀ?"

"ಬೇರೆ ಯಾರೋ ಹಾಕಿರ್ಬೇಕು," ಎಂದೆ.

"ಎಲ್ಲರೂ ಹಾಂಗೇ ಹೇಳೂದು ಗೇಟಲ್ಲಿ," ಎಂದ ಹರಿಶ್ಚಂದ್ರಣ್ಣ ನಗದೆ ಎರಡೂ ಕೈ ಎತ್ತಿ ಮೊಮ್ಮಗಳ ಮುಂದೆ ನಿಂತರು. ಅವಳು ಅಜ್ಜನ ಜೇಬು ತಟ್ಟಿದಳು. "ಪಾಸ್?" ಎಂದಳು. ಅಜ್ಜ ಬಸ್ಸಿನ ಟಿಕೆಟು ಕೊಟ್ಟರು. ಅವಳು ಅದನ್ನು ಹಿಂದೆ ತಿರುಗಿಸಿ, ಮುಂದೆ ತಿರುಗಿಸಿ, ತಳ ನೋಡಿದಳು. ಆ ನೋಟ ಯಾರಿಂದ ಬಂದದ್ದೆಂದು ನನಗೆ ಹೇಳಿಕೊಡಬೇಕಿರಲಿಲ್ಲ. "ವಚ್," ಎಂದಳು. ಹೋಗು ಎಂದು ಅಪ್ಪಣೆಯಾಯಿತು.

"ಇದು ದಿನಾ ಅದೆಯಾ?" ಎಂದು ಕೇಳಿದೆ.

"ದಿನಾ ಸಂಜೆಗೆ. ಅಪ್ಪ ಬಂದ ಕೂಡ್ಲೆ ಚೀಲ ಎಳ್ದು ಹುಡುಕ್ತಾಳೆ. ಅಂವ ಗೇಟಿನ ಸುದ್ದಿ ಹೇಳೂದು ಕೇಳಿ ಕೇಳಿ ಕಲ್ತದ್ದು."

"ಬೆಳಿಗ್ಗೆ ಹಾಕೂದೂ ಅದಕ್ಕೇ ಮಾರಾಯ್ರೇ. ಹಾಕದಿದ್ರೆ ಸಂಜೆಗೆ ಸಿಗೂದು ಎಂತ?" ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಕ್ಕೆ ನೋಡಿದರು. ನನ್ನ ತಳದಲ್ಲೂ ಏನೋ ಬರೆದಿರಬಹುದು ಎಂಬಂತೆ.

ಅಟ್ಟದಿಂದ ಮಕ್ಕಳ ಊಟದ ಸೆಟ್ಟು ಇಳಿಸಿದೆ: ಪುಟ್ಟ ಚೀಲ, ಡಬ್ಬಿ, ಚಮಚ, ಪ್ಲಾಸ್ಟಿಕ್ಕಿನ ಇಡ್ಲಿ. ಬ್ಯಾಟರಿ ಇಲ್ಲ, ಸ್ಕ್ರೂ ಇಲ್ಲ. ಗುರುತು ಮಸುಕಾದ ಪೆಟ್ಟಿಗೆಯಲ್ಲ, ಅದರ ಸ್ಪಷ್ಟ ಗುರುತನ್ನೂ ತೋರಿಸಿದೆ. ಅವರು ಇಡ್ಲಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರು. ಉಗುರಿನಿಂದ ತಟ್ಟಿದರು. ಪ್ರೇಕ್ಷಾ ಇಡ್ಲಿಯನ್ನು ಅವರ ಕೈಯಿಂದ ಕಿತ್ತು ಚೀಲದೊಳಗೆ ತುರುಕಿದಳು.

"ಇದನ್ನ ಹೆಗಲಿಗೆ ಹಾಕ್ಕೊಂಡು ರಸ್ತೆವರೆಗೆ ಹೋಗಿ ಬನ್ನಿ," ಎಂದೆ.

ಬೈತಖೋಲದಲ್ಲಿ ಮೂಟೆ ಹೊತ್ತ ಭುಜದ ಮೇಲೆ ಗುಲಾಬಿ ಬಣ್ಣದ ಚೀಲ ಏರಿತು. ಅವರು ರಸ್ತೆಗೆ ಇಳಿದು, ಆ ಕಡೆ ಈ ಕಡೆ ನೋಡಿ, ತಿರುಗಿ ಬಂದರು. ಬಾಗಿಲಲ್ಲೇ ತಡೆ.

"ರಾವ್! ಇದೆಂತ?"

"ಇಡ್ಲಿ, ಸಾಯಬರೇ."

"ಯಾರು ಹಾಕ್ದು?"

"ನಂಗೆ ಗೊತ್ತಿಲ್ಲ ಸಾಯಬರೇ. ಮನೇಲಿ ಒಂದು ಕಳ್ಳಿ ಅದೆ."

ಮಗು ಕಿಲಕಿಲ ನಕ್ಕು ಇಡ್ಲಿಯನ್ನು ಮತ್ತೆ ಒಳಗೆ ಹಾಕಿತು. ಮತ್ತೆ ರಸ್ತೆ, ಮತ್ತೆ ತಡೆ. ನನ್ನ ಬಾಗಿಲಿಗೆ ಬಂದ ಇಬ್ಬರು ಗಿರಾಕಿಗಳು ಹೊರಗೇ ಕಾಯಬೇಕಾಯಿತು.

ಸೆಟ್ಟು ವಾರದೊಳಗೆ ವಾಪಸ್ ಬರುತ್ತದೆ ಎಂದೇ ನಾನು ಎಣಿಸಿದ್ದೆ. ಬರಲಿಲ್ಲ. ಬೆಳಿಗ್ಗೆ ಮಗನ ಜೊತೆ ಅಜ್ಜನೂ ಆ ಚೀಲ ಏರಿಸಿಕೊಂಡು ಬಸ್ ಸ್ಟಾಪಿನವರೆಗೆ 'ಡ್ಯೂಟಿ'ಗೆ ಹೋಗಿ ಬರಬೇಕಂತೆ. ಅಪ್ಪನ ಚೀಲವನ್ನು ಅವಳು ಈಗ ಮುಟ್ಟುವುದಿಲ್ಲ. ಗುರುಪ್ರಸಾದ ಮಾತ್ರ ಗೇಟಿಗೆ ಮೊದಲು ಒಮ್ಮೆ ಚೀಲ ಕೊಡವಿಯೇ ಒಳಗೆ ಹೋಗುತ್ತಾನೆ. ಹರಿಶ್ಚಂದ್ರಣ್ಣನ ಮಗನಲ್ಲವೇ.

ಗಿಳಿ ಇನ್ನೂ ನನ್ನ ಕಪಾಟಿನಲ್ಲಿದೆ. ಅದರ ಎದುರು ನಾವು ಗಂಡಹೆಂಡತಿ ಮಾಲಿನ ಅಸಲು ಬೆಲೆ ಮಾತಾಡುವುದನ್ನು ಬಿಟ್ಟಿದ್ದೇವೆ. ಅದು ಕೇಳಿದ್ದು ಹೊಟ್ಟೆಯಿಂದ ಎಲ್ಲಿಗೆ ಹೋಗುತ್ತದೆ ಎಂದು ಹುಬ್ಬಳ್ಳಿಯ ಸಗಟು ವ್ಯಾಪಾರಿಯನ್ನು ಕೇಳಿದೆ. ಅವನು ನಕ್ಕ, ನಾನು ನಕ್ಕ ಹಾಗೆಯೇ. ಹರಿಶ್ಚಂದ್ರಣ್ಣನಿಗೆ ಆ ಒಂದು ಉತ್ತರ ನಾನು ಇನ್ನೂ ಕೊಡಬೇಕಾಗಿದೆ.